ಓದುಗರ ಪ್ರಶ್ನೆ: ತೋಟಾ ನಾನೇ ತುಂಬಿಕೊಂಡರೆ ಗುರಿ ಬಿಗಿಯಾಗುತ್ತದೆಯೇ?

ಪ್ರಶ್ನೆ: ಬೇಟೆಯ ರೈಫಲ್‌ಗೆ ತೋಟಾಗಳನ್ನು ನಾನೇ ತುಂಬಿಕೊಳ್ಳಬೇಕೆಂದಿದ್ದೇನೆ. ಕಾರ್ಖಾನೆಯ ತೋಟಾಗಿಂತ ಅದು ನಿಜಕ್ಕೂ ನಿಖರವೇ? ಹೌದಾದರೆ ಮೊದಲು ಯಾವುದರ ಕಡೆ ಗಮನ ಕೊಡಬೇಕು, ಮದ್ದಿನ ತೂಕದ ಕಡೆಗೇ?

ಉತ್ತರ: ಈ ಪ್ರಶ್ನೆ ಕೇಳುವವರು ಬಹುಪಾಲು ಅಷ್ಟರಲ್ಲೇ ಒಂದು ದುಬಾರಿ ಡಿಜಿಟಲ್ ತಕ್ಕಡಿಯ ಮೇಲೆ ಕಣ್ಣು ಹಾಕಿರುತ್ತಾರೆ. ನಾನೂ ಹಾಗೆ ಶುರು ಮಾಡಿದವನೇ. ಮದ್ದನ್ನು ತೂಗುವುದು ಗ್ರೇನಿನಲ್ಲಿ. ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ಆ ಗ್ರೇನಿನ ಹತ್ತನೆಯ ಒಂದು ಪಾಲು, ಅಂದರೆ ಆರೂವರೆ ಮಿಲಿಗ್ರಾಂ ಕೂಡ ಆಚೀಚೆಯಾಗದಂತೆ ಕಾಳುಕಾಳಾಗಿ ಎತ್ತಿ ಹಾಕುತ್ತಾ ಎಷ್ಟೋ ಸಂಜೆ ಕಳೆದಿದ್ದೇನೆ. ಗುರಿಹಲಗೆಗೆ ಅದು ಗೊತ್ತೇ ಆಗಲಿಲ್ಲ.

ಚುಟುಕು ಉತ್ತರ ಇಷ್ಟು: ಹೌದು, ನಿಖರವಾಗಬಹುದು. ಆ ನಿಖರತೆ ಮೊದಲು ಬರುವುದು ನಿಮ್ಮ ನಳಿಗೆಗೆ ಒಪ್ಪುವ ಗುಂಡಿನಿಂದ, ಆಮೇಲೆ ನಿಮ್ಮ ಚೇಂಬರಿನ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿನ, ಅಳತೆಗೆ ಹೊಂದಿಸಿದ ಹಿತ್ತಾಳೆ ಕೇಸಿನಿಂದ, ಅಂದರೆ ಮದ್ದು, ಗುಂಡು ಹಿಡಿದಿಡುವ ತೋಟಾದ ಕವಚದಿಂದ. ಮದ್ದಿನ ತೂಕ ಮುಖ್ಯವಲ್ಲವೆಂದಲ್ಲ. ಅದು ಮುಖ್ಯವಾಗುವುದು ನಿಮ್ಮ ಕಣ್ಣು, ಕೈ ಉಳಿಯಬೇಕೆಂಬ ಕಾರಣಕ್ಕೆ.

ಕೇಸಿನಿಂದ ಶುರು ಮಾಡೋಣ, ಹೊಸಬರು ಹೆಚ್ಚು ಎಡವುವುದು ಅಲ್ಲೇ. ಕುದುರೆ ಒತ್ತಿದಾಗ ಮದ್ದು ಉರಿದು ಅನಿಲವಾಗುತ್ತದೆ, ಒಳಗಿನ ಒತ್ತಡ ಸರ್ರನೆ ಏರುತ್ತದೆ. 1952ರಲ್ಲಿ ಬಂದ .308 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಗೊತ್ತುಮಾಡಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 62,000 ಪೌಂಡ್. ಕಾರಿನ ಟೈರಿಗೆ ನಾವು ಹಿಡಿಸುವ ಗಾಳಿಯ ಒತ್ತಡಕ್ಕೆ ಹೋಲಿಸಿದರೆ ಸುಮಾರು ಎರಡು ಸಾವಿರ ಪಟ್ಟು. ಅಷ್ಟು ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಳ್ಳುತ್ತದೆ, ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಗುಂಡು ನಳಿಗೆ ಬಿಟ್ಟ ಮೇಲೆ ಕೇಸು ಒಂದೆಳೆಯಷ್ಟು ಕುಗ್ಗುತ್ತದೆ. ಅದಕ್ಕೇ ಖಾಲಿ ಕೇಸನ್ನು ಹೊರಗೆಳೆಯಲು ಬರುವುದು.

ಹೀಗೆ ಒಮ್ಮೆ ಹಾರಿಸಿದ ಕೇಸು ನಿಮ್ಮ ಚೇಂಬರಿನ ಅಚ್ಚಾಗಿರುತ್ತದೆ. ಕಾರ್ಖಾನೆಯವನಿಗೆ ಈ ಅನುಕೂಲ ಇಲ್ಲ. ಅವನ ತೋಟಾ ಆ ಅಳತೆಯ ಪ್ರತಿಯೊಂದು ರೈಫಲ್ಲಿಗೂ ಹೊಗಬೇಕು, ಹಾಗಾಗಿ ಒಂದು ಚೂರು ಸಣ್ಣದಾಗಿಯೇ ಮಾಡುತ್ತಾನೆ. ನೀವು ಮಾಡುವುದು ಒಂದೇ ಒಂದು ಕೋವಿಗೆ.

ಆದರೆ ಹಾರಿಸಿದ ಕೇಸನ್ನು ಹಿಸುಕಿ ಮತ್ತೆ ಅಳತೆಗೆ ತರುವ ಉಕ್ಕಿನ ಅಚ್ಚನ್ನು, ಅಂದರೆ ಸೈಜಿಂಗ್ ಡೈಯನ್ನು, ಸನ್ನೆಹಿಡಿಯ ಪ್ರೆಸ್ಸಿಗೆ ಕೊನೆಮುಟ್ಟ ತಿರುಪಿ ಕೂರಿಸಿ, ಬಂದ ಕೇಸನ್ನೆಲ್ಲ ಹಿಸುಕುತ್ತಾ ಹೋದರೆ ಈ ಲಾಭವೆಲ್ಲ ಹೋಯಿತು. ಕೇಸಿನ ಹೆಗಲು, ಅಂದರೆ ಕುತ್ತಿಗೆಯ ಕೆಳಗಿನ ಇಳಿಜಾರು, ಬೇಕಾದ್ದಕ್ಕಿಂತ ಹಿಂದಕ್ಕೆ ತಳ್ಳಲ್ಪಡುತ್ತದೆ. ಮುಂದಿನ ಸಲ ಹಾರಿಸಿದಾಗ ಆ ಖಾಲಿ ಜಾಗ ತುಂಬಲು ಹಿತ್ತಾಳೆ ಹಿಗ್ಗಬೇಕು, ಹಿಗ್ಗುವುದು ಬುಡದ ಸ್ವಲ್ಪ ಮೇಲೆ. ಅಲ್ಲಿ ಗೋಡೆ ತೆಳ್ಳಗಾಗುತ್ತಾ ಬಂದು ಒಂದು ದಿನ ಕೇಸು ಎರಡು ತುಂಡಾಗುತ್ತದೆ. ಬುಡ ಹೊರಗೆ ಬರುತ್ತದೆ, ಉಳಿದರ್ಧ ಚೇಂಬರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಅದೃಷ್ಟ ಕೆಟ್ಟರೆ ಬಿಸಿ ಅನಿಲ ಮುಖದ ಕಡೆಗೆ ಬರುತ್ತದೆ. ಮುನ್ಸೂಚನೆ ಸಿಗುತ್ತದೆ: ಬುಡದ ಮೇಲೆ ಬಳೆಯಂಥ ಹೊಳಪಿನ ಗೆರೆ. ತುದಿ ಬಗ್ಗಿಸಿದ ತೆಳ್ಳನೆಯ ತಂತಿಯನ್ನು ಒಳಗಿಂದ ಎಳೆದರೆ ಅದೇ ಜಾಗದಲ್ಲಿ ತಗ್ಗಿಗೆ ಸಿಕ್ಕಿ ತಡೆಯುತ್ತದೆ. ತಡೆದರೆ ಕೇಸನ್ನು ಗುಜರಿಗೆ ಹಾಕಿ, ಜಿಪುಣತನ ಬೇಡ.

ಹಾಗಾದರೆ ಹೆಗಲನ್ನು ಎಷ್ಟು ತಳ್ಳಬೇಕು? ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಕೈಯಿಂದ ಎಳೆದು ತಳ್ಳುವ ರೈಫಲ್ಲಿಗೆ ಸುಮಾರು 0.05 ಮಿಲಿಮೀಟರ್ ಸಾಕು, ಬೋಲ್ಟ್ ಸಲೀಸಾಗಿ ಮುಚ್ಚಿಕೊಂಡರಾಯಿತು. ಇದನ್ನು ಬರಿಗಣ್ಣಿಗೆ ನೋಡಲಾಗದು, ಕ್ಯಾಲಿಪರ್ ಮತ್ತು ಅದರ ಬಾಯಿಗೆ ಸಿಕ್ಕಿಸುವ ಸಣ್ಣದೊಂದು ಅಳತೆಯ ಬಿಲ್ಲೆ ಬೇಕು. ಹಾರಿಸಿದ ಕೇಸನ್ನು ಒಮ್ಮೆ ಅಳೆಯಿರಿ, ಡೈಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಮತ್ತೆ ಅಳೆಯಿರಿ. ನನ್ನನ್ನು ಕೇಳಿದರೆ ಮೊದಲ ದುಡ್ಡು ಇದಕ್ಕೆ ಹೋಗಬೇಕು, ತಕ್ಕಡಿ ಸಾಧಾರಣದ್ದಾದರೂ ನಡೆಯುತ್ತದೆ. ಕೇಸು ಪ್ರತಿ ಸಲ ಉದ್ದವಾಗುತ್ತದೆ, ಹಾಗಾಗಿ ಕುತ್ತಿಗೆಯನ್ನು ಆಗಾಗ ಕತ್ತರಿಸಿ ಸಮಮಾಡಬೇಕು. ಹಿಸುಕಿ ಹಿಸುಕಿ ಕುತ್ತಿಗೆಯ ಹಿತ್ತಾಳೆ ಗಡುಸಾಗಿ ಬಿರುಕು ಬಿಡುತ್ತದೆ. ಬಿಸಿಮಾಡಿ ಮೆದು ಮಾಡಿಕೊಳ್ಳುವವರಿದ್ದಾರೆ, ಹೊಸಬರಿಗೆ ಸದ್ಯ ಅದರ ಗೊಡವೆ ಬೇಡ. ಬುಡವನ್ನಂತೂ ಎಂದೂ ಕಾಯಿಸಬಾರದು.

ಪ್ರೈಮರಿನ, ಅಂದರೆ ಕೇಸಿನ ಬುಡದಲ್ಲಿ ಕೂತು ಮದ್ದಿಗೆ ಕಿಡಿ ತಾಗಿಸುವ ಪುಟ್ಟ ಬಟ್ಟಲಿನ, ಬಗ್ಗೆ ಒಂದು ತಮಾಷೆಯ ಸಂಗತಿ. ಮರುತುಂಬಲು ಸುಲಭವಾದದ್ದು ಬಾಕ್ಸರ್ ಮಾದರಿ, ಕೇಸಿನ ಬುಡದಲ್ಲಿ ನಡುಮಧ್ಯೆ ಒಂದೇ ತೂತು. ಬರ್ಡನ್ ಮಾದರಿಯಲ್ಲಿ ಸಾಮಾನ್ಯವಾಗಿ ಎರಡು ಪಕ್ಕದ ತೂತು, ಹಳೆಯ ಪ್ರೈಮರನ್ನು ಹೊರತಳ್ಳುವ ಡೈಯ ಕಡ್ಡಿ ಅಲ್ಲಿ ಮುರಿದುಹೋಗುತ್ತದೆ. ಮಾದರಿಗೆ ಹೆಸರು ಕೊಟ್ಟ ಬಾಕ್ಸರ್ ಇಂಗ್ಲೆಂಡಿನವನು, ಬರ್ಡನ್ ಅಮೆರಿಕದವನು. ಆದರೆ ಅಮೆರಿಕ ಒಪ್ಪಿಕೊಂಡದ್ದು ಬಾಕ್ಸರನನ್ನು, ಬರ್ಡನ್ ಹೆಚ್ಚಾಗಿ ನೆಲೆನಿಂತದ್ದು ಯುರೋಪಿನಲ್ಲಿ. ಹೆಕ್ಕಿದ ಕೇಸಿನ ಒಳಗೆ ಬೆಳಕು ಬಿಟ್ಟು ತೂತು ಎಣಿಸಿಕೊಳ್ಳಿ.

ಈಗ ಮದ್ದು. ಇಲ್ಲಿ ನಾನು ಒಂದೂ ತೂಕ ಹೇಳುವುದಿಲ್ಲ, ಬೇಕೆಂದೇ. ತೂಕ ತೆಗೆದುಕೊಳ್ಳಬೇಕಾದದ್ದು ಮದ್ದಿನ ಅಥವಾ ಗುಂಡಿನ ತಯಾರಕರು ಒತ್ತಡ ಅಳೆದು ಅಚ್ಚುಹಾಕಿಸಿದ ಕೈಪಿಡಿಯಿಂದ. ಗೆಳೆಯನ ಚೀಟಿಯಿಂದಲೂ ಬೇಡ, ಫೋನಿನಲ್ಲಿ ಬಂದ ಫೋಟೋದಿಂದಲೂ ಬೇಡ. ಕೈಪಿಡಿಯಲ್ಲಿ ಆರಂಭದ ತೂಕ, ಗರಿಷ್ಠ ತೂಕ ಎಂದು ಎರಡಿರುತ್ತವೆ. ಶುರುವಾಗುವುದು ಕೆಳಗಿನಿಂದಲೇ. ಕೇಸಿನ ಕಂಪನಿ, ಪ್ರೈಮರ್, ಗುಂಡು, ಇವುಗಳಲ್ಲಿ ಒಂದನ್ನು ಬದಲಾಯಿಸಿದರೂ ಮತ್ತೆ ಕೆಳಗಿನಿಂದ. ಮಿಲಿಟರಿ ಕೇಸುಗಳ ಗೋಡೆ ಎಷ್ಟೋ ಸಲ ದಪ್ಪ, ಒಳಗಿನ ಜಾಗ ಕಡಿಮೆ. ಅದೇ ಮದ್ದು ಅಲ್ಲಿ ಹೆಚ್ಚು ಒತ್ತಡ ಕೊಡುತ್ತದೆ. ಬಿಸಿಲಿಗೂ ಒತ್ತಡ ಏರುತ್ತದೆ, ಆದ್ದರಿಂದ ಚಳಿಗಾಲದಲ್ಲಿ ಅಂಚಿನವರೆಗೆ ತುಂಬಿದ್ದು ಬೇಸಿಗೆಯಲ್ಲಿ ಅಂಚು ದಾಟಬಹುದು. ಚಪ್ಪಟೆಯಾದ ಪ್ರೈಮರ್, ಎತ್ತಲು ಬಿಗಿಯಾದ ಬೋಲ್ಟ್ ಹಿಡಿ, ಕೇಸಿನ ಬುಡದ ಮೇಲೆ ಹೊಳೆಯುವ ಮಚ್ಚೆ, ಇವೆಲ್ಲ ಅತಿಒತ್ತಡದ ಗುರುತು ಎನ್ನುತ್ತಾರೆ. ನಿಜವೇ, ಆದರೆ ಇವು ಕಾಣಿಸುವುದು ತಡವಾಗಿ. ಕಂಡರೆ ನಿಲ್ಲಿಸಿ, ಕಾಣಲಿಲ್ಲವೆಂದು ಏರಿಸುತ್ತಾ ಹೋಗಬೇಡಿ.

ಕೋವಿಯನ್ನು ಚೂರುಚೂರು ಮಾಡುವುದು ಬಹಳ ಸಲ ಒಂದು ಗ್ರೇನಿನ ಹೆಚ್ಚುಕಡಿಮೆಯಲ್ಲ, ತಪ್ಪು ಡಬ್ಬಿ. ಪಿಸ್ತೂಲಿನ ಮದ್ದು ಬೇಗ ಉರಿಯುತ್ತದೆ. ರೈಫಲ್ ಕೇಸಿಗೆ ರೈಫಲ್ ಮದ್ದಿನ ತೂಕದಲ್ಲಿ ಅದನ್ನು ಸುರಿದರೆ ಉಳಿಗಾಲವಿಲ್ಲ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ ಇರಲಿ. ಕೆಲಸ ಮುಗಿದ ಮೇಲೆ ಉಳಿದ ಮದ್ದು ಅದೇ ಡಬ್ಬಿಗೆ ಹೋಗಲಿ, ಗುರುತು ಹತ್ತದ ಮದ್ದು ಯಾವುದಕ್ಕೂ ಬೇಡ. ಗುಂಡು ಕೂರಿಸುವ ಮುಂಚೆ ಎಲ್ಲ ಕೇಸುಗಳ ಬಾಯಿಗೂ ಟಾರ್ಚ್ ಬಿಟ್ಟು ಮದ್ದಿನ ಮಟ್ಟ ನೋಡಿ. ಕನ್ನಡಕ ಹಾಕಿಕೊಳ್ಳಿ, ಬೀಡಿ ಸಿಗರೇಟು ಆ ಕೋಣೆಗೇ ಬೇಡ. ಹಾರಿಸಿದ ಪ್ರೈಮರಿನ ಮಸಿಯಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ, ಊಟಕ್ಕೆ ಮುಂಚೆ ಕೈ ಸೋಪಿನಲ್ಲಿ ತೊಳೆಯಿರಿ. ತೋಟಾ ತುಂಬಲು, ಮದ್ದು ಇಟ್ಟುಕೊಳ್ಳಲು ಲೈಸೆನ್ಸಿನ ನಿಯಮ ದೇಶದಿಂದ ದೇಶಕ್ಕೆ ಬೇರೆ. ಸಾಮಾನು ಕೊಳ್ಳುವ ಮುಂಚೆಯೇ ಅದನ್ನು ವಿಚಾರಿಸಿಕೊಂಡಿರಬೇಕು.

ತೂಕದ ಹುಚ್ಚಿಗೆ ಒಂದು ಲೆಕ್ಕ. ಮದ್ದು ಕೊಂಚ ಕಡಿಮೆಬಿದ್ದು, ಸೆಕೆಂಡಿಗೆ 820 ಮೀಟರ್ ವೇಗದ .308 ಗುಂಡಿನ ವೇಗ 6 ಮೀಟರ್ ಕಡಿಮೆಯಾಯಿತೆನ್ನಿ. 300 ಮೀಟರ್ ದೂರದಲ್ಲಿ ಅದು ಮೊದಲಿಗಿಂತ ಕೆಳಗೆ ಬೀಳುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್. ಅಷ್ಟು ದೂರದಲ್ಲಿ ನಿಮ್ಮ ಉಸಿರೇ ಅದಕ್ಕಿಂತ ಹೆಚ್ಚು ಅಲುಗಿಸುತ್ತದೆ.

ಗುಂಡಿನ ಆಯ್ಕೆ ಹಾಗಲ್ಲ. ಗುಂಡನ್ನು ಗಿರಗಿರನೆ ತಿರುಗಿಸುವ ನಳಿಗೆಯ ಒಳಗಿನ ಸುರುಳಿ ಗೀರುಗಳ ತಿರುಚು ಎಷ್ಟು ಬಿಗಿಯಿದೆ ಎನ್ನುವುದರ ಮೇಲೆ ಎಷ್ಟು ಉದ್ದದ ಗುಂಡು ಗಾಳಿಯಲ್ಲಿ ಓಲಾಡದೆ ಹೋಗುತ್ತದೆ ಎನ್ನುವುದು ನಿಂತಿದೆ. ಗಮನಿಸಿ, ಲೆಕ್ಕಕ್ಕೆ ಬರುವುದು ತೂಕಕ್ಕಿಂತ ಉದ್ದ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕದ ಪೂರ್ತಿ ತಾಮ್ರದ ಗುಂಡು ಉದ್ದವಾಗಿರುತ್ತದೆ; ನಿಧಾನ ತಿರುಚಿನ ಹಳೆಯ ನಳಿಗೆಗೆ ಅದು ಒಪ್ಪದೇ ಹೋಗಬಹುದು. ಕಾಗದಕ್ಕೆ ಹೊಡೆಯುವ ಮ್ಯಾಚ್ ಗುಂಡು ಒಂದೇ ತೂತಿಗೆ ಬೀಳುತ್ತದೆಂದು ಅದನ್ನು ಬೇಟೆಗೆ ಒಯ್ಯುವುದು ಸರಿಯಲ್ಲ. ಮೈಯೊಳಗೆ ಹೋದ ಮೇಲೆ ಲೆಕ್ಕಕ್ಕೆ ತಕ್ಕಂತೆ ಅರಳಲಿ ಎಂದು ಮಾಡಿದ್ದು ಬೇಟೆಯ ಗುಂಡು, ಪ್ರಾಣಿ ನರಳದೆ ಬೀಳುವುದು ಅದರಿಂದ. ಎರಡು ಮೂರು ಬೇಟೆಯ ಗುಂಡುಗಳ ಸಣ್ಣ ಪೆಟ್ಟಿಗೆ ತಂದು, ನಳಿಗೆ ಯಾವುದಕ್ಕೆ ಒಲಿಯುತ್ತದೆಂದು ನೋಡಿ. ಗುಂಡನ್ನು ಕೇಸಿನೊಳಗೆ ಎಷ್ಟು ಆಳಕ್ಕೆ ಕೂರಿಸುವುದೆಂಬ ಚರ್ಚೆಗೆ ಕೊನೆಯಿಲ್ಲ. ಕೈಪಿಡಿಯ ಉದ್ದಕ್ಕೆ ಕೂರಿಸಿ, ಮ್ಯಾಗಜಿನ್ನಿಗೆ ಹಿಡಿಸುತ್ತದೆಯೇ ನೋಡಿ, ಸದ್ಯಕ್ಕೆ ಅಲ್ಲಿಗೆ ಬಿಡಿ.

ಆಮೇಲೆ ಬರುವುದು ನಮ್ಮನ್ನು ನಾವೇ ಮೋಸಮಾಡಿಕೊಳ್ಳುವ ಘಟ್ಟ. ಮೂರು ಗುಂಡು ಹೊಡೆದು, ಮೂರೂ ಒಂದು ನಾಣ್ಯದೊಳಗೆ ಬಿದ್ದವೆಂದು ಫೋಟೋ ತೆಗೆಯುತ್ತೇವೆ. ಅದೇ ತೋಟಾವನ್ನು ಹತ್ತು ಹೊಡೆದರೆ ಹರಹು ಸರಾಸರಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ತೋಟಾ ಕೆಟ್ಟದ್ದಲ್ಲ, ಎಣಿಕೆಯ ಸ್ವಭಾವವೇ ಹಾಗೆ. ಹೊಸಬರು ಹತ್ತು ಬಗೆಯ ತೂಕ ತುಂಬಿ, ಒಂದೊಂದರಲ್ಲಿ ಮೂರು ಹೊಡೆದು, ಅತಿ ಸಣ್ಣ ಗುಂಪನ್ನು ಗೆದ್ದಿತೆನ್ನುತ್ತಾರೆ. ಮುಂದಿನ ವಾರ ಅದೇ ತೂಕ ಸೋಲುತ್ತದೆ. ನನ್ನ ಹತ್ತಿರ ಹೀಗೆ ಗೆದ್ದು ಸೋತ ಕಾಗದಗಳ ಒಂದು ಕಟ್ಟೇ ಇದೆ. ಎರಡು ತೋಟಾ ಹೋಲಿಸಬೇಕೆಂದರೆ ಒಂದೊಂದರಲ್ಲಿ ಹತ್ತಾದರೂ ಹೊಡೆಯಿರಿ, ನಡುವೆ ನಳಿಗೆ ಆರಲು ಬಿಡಿ.

ಅಷ್ಟಕ್ಕೂ ಬೇಟೆಗೆ ಎಷ್ಟು ನಿಖರತೆ ಬೇಕು? ಒಂದು ಮಿನಿಟ್ ಕೋನ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಪಾಲು. 100 ಮೀಟರಿಗೆ 29 ಮಿಲಿಮೀಟರ್. ಒಂದೂವರೆ ಮಿನಿಟ್ಟಿನ ಸಾಧಾರಣ ರೈಫಲ್ ಕೂಡ 200 ಮೀಟರಿಗೆ ಒಂಬತ್ತು ಸೆಂಟಿಮೀಟರ್ ಒಳಗೇ ಗುಂಡು ಹಾಕುತ್ತದೆ. ಮಧ್ಯಮ ಗಾತ್ರದ ಜಿಂಕೆಯ ಹೃದಯ, ಶ್ವಾಸಕೋಶದ ಜಾಗ ಅದರ ಹತ್ತಿರಹತ್ತಿರ ಎರಡು ಪಟ್ಟು ಅಗಲ. ಅದಕ್ಕಿಂತ ಸಣ್ಣ ಗುಂಪಿನ ಬೆನ್ನು ಹತ್ತುವುದು ಖುಷಿಗಾಗಿ, ಅದರಲ್ಲಿ ತಪ್ಪೇನಿಲ್ಲ. ಕಾಡಿನಲ್ಲಿ ಲೆಕ್ಕಕ್ಕೆ ಬರುವುದು ತಣ್ಣಗಿನ ನಳಿಗೆಯಿಂದ ಹೊರಡುವ ಮೊದಲ ಗುಂಡು ಎಲ್ಲಿ ಬೀಳುತ್ತದೆ ಎನ್ನುವುದು. ಅದನ್ನು ತಿಳಿಯಲು ನಾನು ಒಂದು ಕಾಗದ ಬೇರೆಯಾಗಿಯೇ ಇಟ್ಟಿದ್ದೇನೆ. ಮೈದಾನಕ್ಕೆ ಹೋದ ದಿನದ ಮೊದಲ ಗುಂಡು ಮಾತ್ರ ಅದಕ್ಕೆ, ಪಕ್ಕದಲ್ಲಿ ತಾರೀಖು. ಹನ್ನೆರಡು ತೂತಾಗಲು ತಿಂಗಳುಗಳೇ ಹಿಡಿದವು.