ಮುಖ ಬಿಡಿ, ಟೊಪ್ಪಿಗೆ ನೋಡಿ

ಹಳೆಯ ತೈಲಚಿತ್ರಗಳ ಸಂರಕ್ಷಣೆ ನನ್ನ ಕೆಲಸ. ಹತ್ತೊಂಬತ್ತನೆಯ ಶತಮಾನದ ಡಚ್ ಮಧ್ಯಮ ವರ್ಗದ ಮಹಿಳೆಯ ಭಾವಚಿತ್ರ ಮೇಜಿಗೆ ಬಂದಾಗಲೆಲ್ಲ ತಂದವರು ಕೇಳುವುದು, ‘ಈಕೆ ಯಾರು?’ ಎಂದು. ವ್ಯಾಪಾರಿಯ ಹೆಂಡತಿಯೋ, ಪಾದ್ರಿಯ ಮಗಳೋ, ಹೆಸರು ಬರೆದಿಟ್ಟವರಿಲ್ಲ. ಎಷ್ಟೋ ಚಿತ್ರಗಳಲ್ಲಿ ಕಲಾವಿದನ ಸಹಿಯೂ ಇಲ್ಲ.

ನಾನು ಮೊದಲು ಉಡುಪಿನ ತೋಳು ನೋಡುತ್ತೇನೆ. ಭುಜದಿಂದಲೇ ಬಲೂನಿನಂತೆ ಉಬ್ಬಿದ್ದರೆ 1830ರ ಆಸುಪಾಸು. 1836ರ ಹೊತ್ತಿಗೆ ಆ ಉಬ್ಬು ಇಳಿದು, 1840ರ ದಶಕದಲ್ಲಿ ತೋಳು ಕೈಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕಪ್ಪು ಉಡುಪು ಕಂಡು ವಿಧವೆ ಎಂದು ತೀರ್ಮಾನಿಸಬೇಡಿ. ಕಪ್ಪು ರೇಷ್ಮೆ ಆ ಮನೆಗಳಲ್ಲಿ ಜೋಪಾನವಾಗಿ ಎತ್ತಿಟ್ಟು ಉಡುತ್ತಿದ್ದ ಒಳ್ಳೆಯ ಬಟ್ಟೆಯೂ ಹೌದು.

ನನ್ನ ಜೀವ ಇರುವುದು ಆಕೆ ತೊಟ್ಟ ಲೇಸಿನ, ಅಂದರೆ ಜಾಲರಿಯಂಥ ನವಿರು ನೂಲಿನ ಹೆಣಿಗೆಯ, ಟೊಪ್ಪಿಗೆಯಲ್ಲಿ. ಆಮ್‌ಸ್ಟರ್‌ಡ್ಯಾಮಿನ ಯಾನ್ ಆಡಮ್ ಕ್ರೂಸೆಮನ್ (1804–1862) ಅವರಂತಹ ಬೇಡಿಕೆಯ ಕಲಾವಿದರಿರಲಿ, ಸಣ್ಣ ಊರಿನ ಅನಾಮಿಕರಿರಲಿ, ನುರಿತ ಕೈ ಲೇಸನ್ನು ಎಳೆ ಎಳೆಯಾಗಿ ಬಿಡಿಸುವುದಿಲ್ಲ. ಕೂದಲಿಗೆ ಬಳಿದ ಬಣ್ಣ ಒಣಗಿದ ಬಳಿಕ ಅದರ ಮೇಲೆ ತೆಳ್ಳಗೆ ಬೂದುಬಿಳಿ ಹಾಯಿಸಿ, ಆಮೇಲೆ ಸೀಸದ ಬಿಳಿಯನ್ನು (ಸೀಸದಿಂದ ಮಾಡಿದ ಬಿಳಿ ಬಣ್ಣ) ಗಟ್ಟಿಯಾಗಿ ಚುಕ್ಕಿ ಚುಕ್ಕಿಯಾಗಿ ಇಡುತ್ತದೆ. ಪಕ್ಕದಿಂದ ದೀಪ ಹಿಡಿದರೆ ಪ್ರತಿ ಚುಕ್ಕಿಗೂ ತನ್ನದೇ ಪುಟ್ಟ ನೆರಳು. ಕುಂಚ ಎಲ್ಲಿ ಒತ್ತಿತು, ಎಲ್ಲಿ ಎದ್ದಿತು ಎಂಬುದು ಅಲ್ಲಿ ಕಾಣುತ್ತದೆ.

ಹಲವು ಚಿತ್ರಗಳಲ್ಲಿ ಆ ನೆರಳೇ ಇರುವುದಿಲ್ಲ. ಸಡಿಲವಾದ ಕ್ಯಾನ್ವಾಸಿನ ಹಿಂದೆ ಜೇನುಮೇಣ ಮತ್ತು ರಾಳ ಬಳಿದು, ಹೊಸ ಬಟ್ಟೆ ಇಟ್ಟು, ಬಿಸಿ ಇಸ್ತ್ರಿಯಿಂದ ಅಂಟಿಸುವ ಪದ್ಧತಿ ನೆದರ್‌ಲ್ಯಾಂಡ್ಸ್‌ನಲ್ಲೇ ಬೆಳೆಯಿತು. 1851ರಲ್ಲಿ ಚಿತ್ರ ಸಂರಕ್ಷಕ ನಿಕೊಲಾಸ್ ಹೊಪ್ಮನ್ ರೆಂಬ್ರಾಂಟನ ಪ್ರಸಿದ್ಧ ಚಿತ್ರ ‘ನೈಟ್ ವಾಚ್’ಗೂ ಇದನ್ನೇ ಮಾಡಿದರು. ಆ ಒದ್ದೆ ಹವೆಯಲ್ಲಿ ಕ್ಯಾನ್ವಾಸನ್ನು ಉಳಿಸಿದ ಉಪಾಯವಿದು, ಅಲ್ಲಗಳೆಯಲಾರೆ. ಆದರೆ ಇಸ್ತ್ರಿಯ ಭಾರಕ್ಕೆ ಚುಕ್ಕಿಗಳು ಚಪ್ಪಟೆಯಾದವು. ಬಟ್ಟೆಯ ಎಳೆಗಳಿಗೆ ಇಳಿದ ಮೇಣವನ್ನು ಪೂರ್ತಿ ಹಿಂದೆಗೆಯಲೂ ಆಗದು. ಲೇಸು ಅಚ್ಚು ಹಾಕಿದ ಕಾಗದದಂತಾಗಿರುವುದನ್ನು ಕಂಡಾಗ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಳದಿಗಟ್ಟಿದ ವಾರ್ನಿಷ್ ತೆಗೆಯುವುದನ್ನು ನಾನು ಟೊಪ್ಪಿಗೆಯ ಅಂಚಿನಿಂದಲೇ ಶುರು ಮಾಡುತ್ತೇನೆ. ಹತ್ತಿ ಸುತ್ತಿದ ಕಡ್ಡಿ ಕಂದಾಗುತ್ತದೆ, ಬೆಣ್ಣೆಯ ಬಣ್ಣದ ಲೇಸು ತಣ್ಣನೆಯ ಬಿಳಿಗೆ ತಿರುಗುತ್ತದೆ. ಸೀಸದ ಬಿಳಿ ಗಟ್ಟಿ, ಅದು ತಡೆಯುತ್ತದೆ. ಕಪ್ಪು ರೇಷ್ಮೆ ಹಾಗಲ್ಲ. ಅದರ ಮಡಿಕೆಗಳನ್ನು ರಾಳ ಬೆರೆಸಿದ ತೆಳು ಬಣ್ಣದಲ್ಲಿ ಬರೆದಿದ್ದರೆ, ವಾರ್ನಿಷ್ ಕರಗಿಸುವ ದ್ರಾವಕವೇ ಅವನ್ನೂ ಕರಗಿಸುತ್ತದೆ. ಕಡ್ಡಿಯ ತುದಿಯಲ್ಲಿ ಕಪ್ಪಿನ ಸುಳಿವು ಕಂಡರೆ ಅಲ್ಲಿಗೆ ನಿಲ್ಲಿಸುತ್ತೇನೆ, ಉಡುಪು ಇನ್ನಷ್ಟು ಹೊಳೆಯಲಿ ಎಂದು ಮನೆಯವರು ಎಷ್ಟೇ ಕೇಳಿಕೊಂಡರೂ.