ನಲ್ಲಿಯಲ್ಲಿ ಕೆಂಪು ನೀರು: ಬಣ್ಣ ಎಲ್ಲಿ ಸೇರುತ್ತಿದೆ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಹಳೇ ಮನೆ. ಕಾವೇರಿ ನೀರೂ ಇದೆ, ಬೋರ್‌ವೆಲ್ಲೂ ಇದೆ, ಎರಡೂ ಒಂದೇ ಸಂಪಿಗೆ ಬೀಳುತ್ತವೆ. ನಲ್ಲಿಯಲ್ಲಿ ಕೆಂಪು ನೀರು ಬರುತ್ತಿದೆ. ಹೋದ ತಿಂಗಳಷ್ಟೇ ಟ್ಯಾಂಕ್ ತೊಳೆಸಿದ್ದೇವೆ. ಫಿಲ್ಟರ್ ಹಾಕಿಸಬೇಕಾ?

ಉತ್ತರ: ಈಗಲೇ ಫಿಲ್ಟರ್‌ಗೆ ದುಡ್ಡು ಸುರಿಯಬೇಡಿ. ನೀರಿಗೆ ಬಣ್ಣ ಯಾವ ಜಾಗದಲ್ಲಿ ಸೇರುತ್ತಿದೆ ಅಂತ ಮೊದಲು ಹುಡುಕಿ. ನಾಲ್ಕೈದು ಗಾಜಿನ ಬಾಟಲಿ, ಒಂದು ಬಿಳಿ ಹಾಳೆ ಇದ್ದರೆ ಸಾಕು.

ಬೆಳಿಗ್ಗೆ ಎದ್ದ ಕೂಡಲೇ, ಯಾರೂ ನೀರು ಮುಟ್ಟುವ ಮೊದಲು, ಅಡುಗೆಮನೆ ನಲ್ಲಿಯ ಮೊದಲ ನೀರನ್ನೇ ಒಂದು ಬಾಟಲಿಗೆ ಹಿಡಿಯಿರಿ. ಐದು ನಿಮಿಷ ನೀರು ಬಿಟ್ಟು ಇನ್ನೊಂದು ಹಿಡಿಯಿರಿ. ನಡುವಿನ ನೀರನ್ನು ಬಕೆಟ್‌ಗೆ ತುಂಬಿಸಿದರೆ ಗಿಡಗಳಿಗಾಗುತ್ತದೆ. ಆಮೇಲೆ ಟ್ಯಾಂಕಿನಿಂದ ಒಂದು, ಬೋರ್ ಪೈಪಿನ ಬಾಯಿಂದ ಒಂದು, ಕಾವೇರಿ ಬಿಟ್ಟ ದಿನ ಮೀಟರ್ ಹತ್ತಿರದಿಂದ ಒಂದು. ಯಾವುದು ಎಲ್ಲಿಯದು ಅಂತ ಬಾಟಲಿ ಮೇಲೆ ಬರೆದು, ಹಿಂದೆ ಬಿಳಿ ಹಾಳೆ ಇಟ್ಟು ನೋಡಿ.

ಮೊದಲ ಬಾಟಲಿ ಮಾತ್ರ ಕೆಂಪಗಿದ್ದು ಎರಡನೆಯದು ತಿಳಿಯಾಗಿದ್ದರೆ ತಪ್ಪು ಮನೆಯೊಳಗಿನ ಪೈಪಿನದು. ಹಳೇ ಮನೆಗಳಲ್ಲಿ ಗೋಡೆಯೊಳಗೆ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಇರುತ್ತದೆ. ರಾತ್ರಿಯೆಲ್ಲ ನಿಂತ ನೀರಿಗೆ ಅದರ ತುಕ್ಕು ಬಿಡುತ್ತದೆ. ಬಿಸಿನೀರು ಮಾತ್ರ ಕೆಂಪಗಿದ್ದರೆ ಗೀಸರ್ ಬಿಚ್ಚಿಸಿ ನೋಡಿ.

ಬೋರ್ ಬಾಟಲಿಯನ್ನು ಮಾತ್ರ ಹಿಡಿದ ಕೂಡಲೇ ನಂಬಬೇಡಿ. ನಮ್ಮ ಮನೆಯಲ್ಲಿ ನಾವು ಮೋಸಹೋಗಿದ್ದು ಇಲ್ಲೇ. ಹಿಡಿದಾಗ ನೀರು ಕನ್ನಡಿಯ ಹಾಗೆ ತಿಳಿಯಾಗಿತ್ತು. ಬೋರ್‌ದೇನೂ ತಪ್ಪಿಲ್ಲ ಅಂದುಕೊಂಡು ಟ್ಯಾಂಕನ್ನೇ ಮೂರು ಸಲ ತೊಳೆಸಿದೆವು. ಒಂದು ದಿನ ಬಾಟಲಿ ಕಿಟಕಿಯ ಮೇಲೇ ಉಳಿದುಹೋಯಿತು. ಸಂಜೆಗೆ ನೋಡಿದರೆ ಹಾಲು ಹಾಕದ ಟೀ ಬಣ್ಣ. ಮರುದಿನ ಬೆಳಿಗ್ಗೆ ಮೇಲೆ ತಿಳಿನೀರು, ತಳದಲ್ಲಿ ಇಟ್ಟಿಗೆ ಪುಡಿಯಂಥ ಗಸಿ.

ಕಾರಣ ಇಷ್ಟೇ. ನೆಲದ ಆಳದಲ್ಲಿ ಗಾಳಿ ಇಲ್ಲ, ಅಲ್ವಾ? ಅಲ್ಲಿ ಕಬ್ಬಿಣದ ಅಂಶ ನೀರಿನಲ್ಲಿ ಪೂರ್ತಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೇಲೆ ಬಂದು ಗಾಳಿ ಸೋಕಿದ ಮೇಲೆ ಅದು ತುಕ್ಕಾಗಿ ಬೇರೆಯಾಗುತ್ತದೆ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆ, ಬಕೆಟ್, ಕಮೋಡಿಗೆ ಕಲೆ ಹಿಡಿಯಲು ಅಷ್ಟೇ ಸಾಕು. ಇಂಥ ನೀರಿನಲ್ಲಿ ಟೀ ಮಾಡಿದರೆ ಡಿಕಾಕ್ಷನ್ ಕಪ್ಪಗಾಗುವುದೂ ಉಂಟು. ಕರಾವಳಿಯ ಮುರಕಲ್ಲಿನ ನೆಲದವರಿಗೆ ಇದು ಹೊಸದಲ್ಲ.

ನಿಮ್ಮ ಮನೆಯಲ್ಲಿ ಇನ್ನೊಂದು ತೊಡಕಿದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಬೋರ್ ನೀರಿನ ಕಬ್ಬಿಣಕ್ಕೆ ತಾಗಿದರೆ ತುಕ್ಕು ಇನ್ನೂ ಬೇಗ ಬಿಡುತ್ತದೆ. ಹಾಗಾಗಿ ಎರಡನ್ನೂ ಒಂದೇ ಸಂಪಿಗೆ ಬಿಡಬೇಡಿ. ಬೋರ್ ನೀರಿಗೆ ಬೇರೆ ಟ್ಯಾಂಕ್ ಇಡಿ, ಶವರ್ ಹಾಗೆ ಚದುರಿ ಬೀಳುವಂತೆ ಮಾಡಿ, ಒಂದು ರಾತ್ರಿ ನಿಲ್ಲಿಸಿ, ತಳದ ಗಸಿ ಬಿಟ್ಟು ಮೇಲಿನ ನೀರು ಬಳಸಿ. ಅಷ್ಟಕ್ಕೂ ಬಣ್ಣ ಹೋಗದಿದ್ದರೆ ನೀರು ಟೆಸ್ಟ್ ಮಾಡಿಸಿ, ಕಬ್ಬಿಣ ತೆಗೆಯುವ ಫಿಲ್ಟರ್ ಹಾಕಿಸಿ. ಅಡುಗೆಮನೆಯ ಆರ್‌ಒ ಒಂದನ್ನೇ ನಂಬಿದರೆ ಅದರ ಮೆಂಬ್ರೇನ್ (ನೀರು ಸೋಸುವ ಪೊರೆ) ಬೇಗ ಕಟ್ಟಿಕೊಳ್ಳುತ್ತದೆ.

ಕಾವೇರಿ ಬಾಟಲಿಯೇ ಬಗ್ಗಡವಾಗಿದ್ದರೆ ಪಕ್ಕದ ಮನೆಯವರನ್ನೂ ಕೇಳಿ. ನೀರು ನಿಂತು ಮತ್ತೆ ಬಿಟ್ಟಾಗ ಪೈಪಿನ ತಳದ ಕೆಸರು ಎದ್ದು ಬರುತ್ತದೆ, ಆ ಮೊದಲ ನೀರನ್ನು ಸಂಪಿಗೆ ಬಿಡಬೇಡಿ. ದಿನವೂ ಹಾಗೇ ಬಂದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ.

ನೀರಿಗೆ ಮೋರಿ ವಾಸನೆ ಇದ್ದರೆ ಬಾಟಲಿ ಪರೀಕ್ಷೆಯೆಲ್ಲ ಆಮೇಲೆ. ಅದು ಚರಂಡಿ ನೀರು ಸೇರಿರುವ ಸೂಚನೆ. ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಅದನ್ನು ಮುಟ್ಟಲೇಬೇಡಿ. ಆವತ್ತೇ ದೂರು ಕೊಡಿ, ಸಂಪಿನ ಗೋಡೆ ಬಿರುಕು ಬಿಟ್ಟಿದೆಯಾ ನೋಡಿಸಿ.

ಈಗಾಗಲೇ ಕೆಂಪು ಕಲೆ ಹಿಡಿದ ಬಿಳಿ ಬಟ್ಟೆಗೆ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಕಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಒಗೆಯಿರಿ.