ಒರೆಗಲ್ಲು ಯಾವುದನ್ನೂ ಹರಿತ ಮಾಡುವುದಿಲ್ಲ

ಕಾಲೇಜು ತಂಡವೊಂದು ಆಡಿದ ಶೇಕ್ಸ್‌ಪಿಯರನ ‘ಆಸ್ ಯು ಲೈಕ್ ಇಟ್’ ನೋಡಲು ಹೋಗಿದ್ದೆ. ಬಾಗಿಲಲ್ಲಿ ಕೈಗಿತ್ತ ಕರಪತ್ರದಲ್ಲಿ ವಿದೂಷಕ ಟಚ್‌ಸ್ಟೋನನ ಪರಿಚಯ ಹೀಗಿತ್ತು: ‘ಹೆಸರಿಗೆ ತಕ್ಕಂತೆ ಈತ ಒರೆಗಲ್ಲು, ಎಲ್ಲರ ಬುದ್ಧಿಯನ್ನೂ ಮಸೆದು ಹರಿತಗೊಳಿಸುವವನು.’ ಕ್ರೀಡಾಪುಟಗಳಲ್ಲಿ, ಮುನ್ನುಡಿಗಳಲ್ಲಿ, ಸನ್ಮಾನದ ಭಾಷಣಗಳಲ್ಲಿ ಈ ತಪ್ಪನ್ನು ಎಷ್ಟೋ ಸಲ ಸಹಿಸಿಕೊಂಡಿದ್ದೇನೆ. ಈ ನಾಟಕದ ಮಟ್ಟಿಗೆ ಸಹಿಸಲಾಗದು. ಇಲ್ಲಿ ಎರಡೂ ಕಲ್ಲುಗಳಿವೆ, ಅವು ಬೇರೆ ಬೇರೆ.

ಹರಿತ ಮಾಡುವುದು ಸಾಣೆಕಲ್ಲು. ಅದು ಕತ್ತಿಯನ್ನು ಸವೆಸಿ ಬದಲಿಸುತ್ತದೆ. ಒರೆಗಲ್ಲಿನ ಕೆಲಸವೇ ಬೇರೆ. ಅಕ್ಕಸಾಲಿಗ ನುಣುಪಾದ ಕಪ್ಪು ಕಲ್ಲಿನ ಮೇಲೆ ಬಳೆಯ ಅಂಚನ್ನು ಎಳೆಯುತ್ತಾನೆ, ಹಳದಿ ಗೆರೆ ಮೂಡುತ್ತದೆ. ಪಕ್ಕದಲ್ಲಿ, ಎಷ್ಟು ಅಪ್ಪಟವೆಂದು ಮೊದಲೇ ತಿಳಿದಿರುವ ಚಿನ್ನದಿಂದ ಇನ್ನೊಂದು ಗೆರೆ. ಮೇಲೆ ಆಮ್ಲ ಸೋಕಿಸಿದರೆ ಬೆರಕೆಯ ತಾಮ್ರ ಕರಗುತ್ತದೆ, ಚಿನ್ನ ಉಳಿಯುತ್ತದೆ. ಬಳೆ ಮೊದಲು ಹೇಗಿತ್ತೋ ಹಾಗೆಯೇ ಇರುತ್ತದೆ. ಅದರ ಗುಣ ನಮಗೆ ಗೊತ್ತಾಗಿರುತ್ತದೆ, ಅಷ್ಟೇ.

‘ಒರೆ’ ಎಂದರೆ ಉಜ್ಜು. ‘ಒರೆಸು’ ಇದರದೇ ಕುಟುಂಬ, ತಮಿಳಿನ ‘ಉರೈ’ ಇದರ ದಾಯಾದಿ. ಕತ್ತಿಯ ಒರೆ ಬೇರೆ ಪದ. ಹಳಗನ್ನಡದಲ್ಲಿ ಅದಕ್ಕೆ ಶಕಟರೇಫವಿತ್ತು, ಅಂದರೆ ‘ಱ’ ಎಂಬ ಹಳೆಯ ಅಕ್ಷರ: ‘ಒಱೆ’. ಆ ಅಕ್ಷರ ಬಳಕೆಯಿಂದ ಹೋದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ಒರೆ ಎಂದೊಡನೆ ಕತ್ತಿ, ಕತ್ತಿ ಎಂದೊಡನೆ ಮಸೆಯುವುದು ನೆನಪಾಗುತ್ತದೆ. ಗೊಂದಲ ಹುಟ್ಟಿದ್ದು ಇಲ್ಲೇ ಎಂಬುದು ನನ್ನ ಗುಮಾನಿ. ‘ಶಾಣಸ್ತು ನಿಕಷಃ ಕಷಃ’ (ಶಾಣ, ನಿಕಷ, ಕಷ ಮೂರೂ ಒಂದೇ) ಎನ್ನುವ ನಿಘಂಟು ಅಮರಕೋಶವನ್ನು ತೋರಿಸಿ, ಸಂಸ್ಕೃತದಲ್ಲಿ ಎರಡೂ ಒಂದೇ ಅಲ್ಲವೇ ಎಂದು ವಾದಿಸುವವರಿದ್ದಾರೆ. ಇರಬಹುದು. ಕನ್ನಡ ಮಾತ್ರ ಶಾಣವನ್ನು ಸಾಣೆಯಾಗಿಸಿ ಮಸೆಯುವುದಕ್ಕೆ ಇಟ್ಟುಕೊಂಡಿತು, ಪರೀಕ್ಷೆಗೆ ತನ್ನದೇ ಒರೆಯನ್ನು ಉಳಿಸಿಕೊಂಡಿತು. ಸಾಣೆ ಹಿಡಿಯುತ್ತೇವೆ, ಒರೆಗೆ ಹಚ್ಚುತ್ತೇವೆ. ಇಷ್ಟು ಅಚ್ಚುಕಟ್ಟಾಗಿ ಬೇರ್ಪಟ್ಟದ್ದನ್ನು ಮತ್ತೆ ಕಲಸುವುದೇಕೆ?

ಇನ್ನು ನಾಟಕ. ಮೊದಲ ಅಂಕದಲ್ಲಿ, ಅರಮನೆಯಲ್ಲಿ, ವಿದೂಷಕ ಬರುವುದನ್ನು ಕಂಡು ಡ್ಯೂಕನ ಮಗಳು ಸೀಲಿಯಾ ಹೇಳುತ್ತಾಳೆ: ಪೆದ್ದನ ಮೊಂಡುತನವೇ ಜಾಣರ ಬುದ್ಧಿಗೆ ಸಾಣೆಕಲ್ಲು. ಆಗ ಅವನಿಗೆ ಹೆಸರಿಲ್ಲ. ನಾಯಕಿ ರೊಸಾಲಿಂಡ್ ಗ್ಯಾನಿಮೀಡ್ ಎಂದು, ಸೀಲಿಯಾ ಅಲಿಯೆನಾ ಎಂದು ವೇಷ ಮರೆಸಿಕೊಂಡು ಆರ್ಡೆನ್ ಕಾಡಿಗೆ ಬರುವಾಗಲೇ, ಶೇಕ್ಸ್‌ಪಿಯರನ ನಾಟಕಗಳ ಮೊದಲ ಸಂಗ್ರಹವಾದ 1623ರ ಫೋಲಿಯೊ ಮುದ್ರಣದ ರಂಗಸೂಚನೆಯಲ್ಲಿ, ಅವನೂ ‘ಟಚ್‌ಸ್ಟೋನ್ ಎಂಬ ಕ್ಲೌನ್’ ಆಗುತ್ತಾನೆ. ಅರಮನೆಯಲ್ಲಿ ಸಾಣೆಕಲ್ಲು, ಕಾಡಿನಲ್ಲಿ ಒರೆಗಲ್ಲು. ಈ ಪಾತ್ರವನ್ನು ಮೊದಲು ಆಡಿದವನೆಂದು ಸಾಮಾನ್ಯವಾಗಿ ಹೇಳುವ ರಾಬರ್ಟ್ ಆರ್ಮಿನ್ ಚಿಕ್ಕಂದಿನಲ್ಲಿ ಅಕ್ಕಸಾಲಿಗನ ಬಳಿ ಕೆಲಸ ಕಲಿಯಲು ಸೇರಿದ್ದವನು.

ಕಾಡಿನ ಸಣ್ಣ ಪಾತ್ರಗಳೆಲ್ಲ ಈ ಕಲ್ಲಿಗೆ ಉಜ್ಜಿಕೊಂಡೇ ನಮಗೆ ಕಾಣಿಸುತ್ತವೆ. ಮುದಿ ಕುರಿಗಾಹಿ ಕೋರಿನ್‌ನನ್ನು ಟಚ್‌ಸ್ಟೋನ್ ಕೇಳುತ್ತಾನೆ, ಅರಮನೆ ನೋಡಿದ್ದೀಯಾ? ಇಲ್ಲವೆಂದರೆ ನಿನಗೆ ನರಕವೇ ಗತಿ. ಕೋರಿನ್ ಸಿಟ್ಟಾಗುವುದಿಲ್ಲ. ತಾನು ದುಡಿದು ತಿನ್ನುವವನು, ಯಾರನ್ನೂ ದ್ವೇಷಿಸುವವನಲ್ಲ, ಕುರಿಗಳು ಮೇಯುವುದನ್ನೂ ಮರಿಗಳು ಹಾಲು ಕುಡಿಯುವುದನ್ನೂ ನೋಡುವುದೇ ತನ್ನ ಹೆಮ್ಮೆ ಎನ್ನುತ್ತಾನೆ. ಅಪ್ಪಟ ಗೆರೆ. ಆಡು ಕಾಯುವ ಆಡ್ರಿ, ‘ಕಾವ್ಯಮಯ’ ಎಂಬ ಮಾತು ಕೇಳಿ, ಅದು ನಡೆನುಡಿಯಲ್ಲಿ ಪ್ರಾಮಾಣಿಕವೇ, ನಿಜವಾದದ್ದೇ ಎಂದು ವಿಚಾರಿಸುತ್ತಾಳೆ. ನಾಟಕದ ಕವಿಗಳಾರಿಗೂ ಹೊಳೆಯದ ಪ್ರಶ್ನೆ ಇದು. ಮರಮರಕ್ಕೆ ಪದ್ಯ ತೂಗುಹಾಕುವ ಒರ್ಲಾಂಡೋ ನಾಯಕನೇ ಆದರೂ ಅವನ ಪ್ರಾಸ ಇದೇ ಕಲ್ಲಿನ ಮೇಲೆ ಬೆರಕೆ ಎಂದು ತೋರುತ್ತದೆ.

ಇವರಲ್ಲಿ ಯಾರನ್ನೂ ಟಚ್‌ಸ್ಟೋನ್ ಹರಿತ ಮಾಡುವುದಿಲ್ಲ. ಇಪ್ಪತ್ತೈದರ ವಿಲಿಯಂನನ್ನು ನೂರೈವತ್ತು ಬಗೆಯಲ್ಲಿ ಕೊಲ್ಲುತ್ತೇನೆಂದು ಬೆದರಿಸಿ ಆಡ್ರಿಯ ಆಸೆ ಬಿಡಿಸುತ್ತಾನೆ. ಆ ಹುಡುಗ ಬಂದಾಗ ಎಷ್ಟು ಸಾಧುವೋ ಅಷ್ಟೇ ಸಾಧುವಾಗಿ, ದೇವರು ನಿಮ್ಮನ್ನು ಸುಖವಾಗಿಡಲಿ ಎಂದು ಹರಸಿ, ಹೊರಟುಹೋಗುತ್ತಾನೆ.